ಬೂದಿ ಎಳೆಯುವ ಕಲ್ಲಿನಿಂದ ಅಂಗಳದ ದೀಪದವರೆಗೆ

ಮಲೆನಾಡಿನ ಅಡಿಕೆ ಮನೆಗಳಲ್ಲಿ ಕೊಯ್ಲಿನ ಕಾಲ ಬಂತೆಂದರೆ ರಾತ್ರಿ ಊಟವಾದ ಮೇಲೂ ಅಂಗಳದಲ್ಲಿ ಸುಲಿಯುವ ಕೆಲಸ ನಡೆಯುತ್ತದೆ. ಈಗೀಗ ಅಂಥ ಅಂಗಳಗಳಿಗೂ ಸೆನ್ಸರ್ ದೀಪ ಬಂದಿದೆ. ಗೇಟಿನ ಹತ್ತಿರ ಯಾರಾದರೂ ಸುಳಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ, ಅವರು ಹೋದ ಸ್ವಲ್ಪ ಹೊತ್ತಿಗೆ ತಾನಾಗಿ ಆರುತ್ತದೆ. ಕರೆಂಟು ಉಳಿಯಿತು, ಕತ್ತಲಲ್ಲಿ ಸ್ವಿಚ್ಚಿಗೆ ತಡಕಾಡುವುದೂ ತಪ್ಪಿತು. ಆದರೆ ಅದೇ ದೀಪದ ಕೆಳಗೆ ನಾಲ್ಕು ಜನ ಅಡಿಕೆ ಸುಲಿಯಲು ಕೂತರೆ, ಕೆಲಸ ಹದಕ್ಕೆ ಬರುವಷ್ಟರಲ್ಲಿ ದೀಪ ಫಕ್ಕನೆ ಆರಿಹೋಗುತ್ತದೆ. ಕೈಯಲ್ಲಿ ಹರಿತವಾದ ಕತ್ತಿ. ಯಾರಾದರೊಬ್ಬರು ಎದ್ದು ನಿಂತು ಕೈ ಬೀಸಿದ ಮೇಲೆಯೇ ಮತ್ತೆ ಬೆಳಕು.

ಸೆನ್ಸರ್ ಹಾಳಾಗಿದೆ ಎಂದು ಅಂಗಡಿಗೆ ವಾಪಸ್ ಒಯ್ದವರನ್ನು ಬಲ್ಲೆ. ಅದು ಹಾಳಾಗಿರಲಿಲ್ಲ. ಅದು ನಮ್ಮನ್ನು ನೋಡುವ ಕಣ್ಣು ಎಂದು ನಾವು ತಿಳಿದದ್ದರಿಂದ ಬಂದ ತೊಂದರೆ ಇದು. ಅದರೊಳಗೆ ಇರುವುದು ಕಣ್ಣಲ್ಲ. ಬಿಸಿ ಏರುವಾಗ ಮತ್ತು ಇಳಿಯುವಾಗ ಮಾತ್ರ ಮಿಡಿಯುವ ಒಂದು ಹರಳಿನ ಚೂರು. ಆ ಗುಣ ಮನುಷ್ಯರಿಗೆ ಗೊತ್ತಾಗಿ, ಅದು ನಮ್ಮ ಮನೆಯ ಗೋಡೆಗೆ ಬರಲು ಇನ್ನೂರೈವತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಆ ಕತೆ ತಿಳಿದರೆ ಅಂಗಳದ ದೀಪಕ್ಕೆ ವೈರ್ ಎಳೆಯುವಾಗ ಏನು ಮಾಡಬೇಕೆಂಬುದೂ ತಿಳಿಯುತ್ತದೆ.

ಕತೆ ಶುರುವಾಗುವುದು ಪಕ್ಕದ ಸಿಂಹಳದಲ್ಲಿ. 1700ರ ಆಸುಪಾಸಿನಲ್ಲಿ ಡಚ್ ವ್ಯಾಪಾರಿಗಳು ಅಲ್ಲಿಂದ ಟೂರ್ಮಲಿನ್ ಎಂಬ ಹರಳುಗಳನ್ನು ಯುರೋಪಿಗೆ ಒಯ್ದರು. ಈ ಹರಳನ್ನು ಕೆಂಡದ ಬಳಿ ಇಟ್ಟರೆ ಬೂದಿಯ ಕಣಗಳು ಹಾರಿಬಂದು ಅದಕ್ಕೆ ಅಂಟಿಕೊಳ್ಳುತ್ತಿದ್ದವು. ಕೊಂಚ ಹೊತ್ತಿನಲ್ಲಿ ಅದೇ ಬೂದಿಯನ್ನು ಹರಳು ದೂರ ಚಿಮ್ಮುತ್ತಿತ್ತು. ಡಚ್ಚರು ಅದನ್ನು ಬೂದಿ ಎಳೆಯುವ ಕಲ್ಲು ಎಂದೇ ಕರೆದರು. 1707ರಲ್ಲಿ ಜರ್ಮನಿಯಲ್ಲಿ ಅಚ್ಚಾದ ಪುಸ್ತಕವೊಂದರಲ್ಲಿ ಈ ಸಂಗತಿ ಬಂತು. ಓದಿದವರು ಬೆರಗಾದರು, ಕಾರಣ ಮಾತ್ರ ಯಾರಿಗೂ ಹೊಳೆಯಲಿಲ್ಲ. ಆಗ ಕೆಲವರು ಇದು ಒಂದು ಬಗೆಯ ಸೂಜಿಗಲ್ಲು ಇರಬೇಕೆಂದರು.

1756ರಲ್ಲಿ ಬರ್ಲಿನ್ನಿನಲ್ಲಿ ಫ್ರಾಂಜ್ ಏಪಿನಸ್ ಈ ಹರಳನ್ನು ಕೈಗೆತ್ತಿಕೊಂಡ. ಕಾಯಿಸಿದ ಹರಳಿನ ಒಂದು ತುದಿಯಲ್ಲಿ ಧನ ವಿದ್ಯುತ್ತು, ಇನ್ನೊಂದು ತುದಿಯಲ್ಲಿ ಋಣ ವಿದ್ಯುತ್ತು ಹುಟ್ಟುತ್ತದೆಂದು ತೋರಿಸಿದ. ಬೂದಿ ಬರುತ್ತಿದ್ದುದು ವಿದ್ಯುತ್ತಿನ ಸೆಳೆತಕ್ಕೆ ಎಂಬುದು ಅಲ್ಲಿಗೆ ಖಚಿತವಾಯಿತು. ಆದರೆ ಈ ಇಡೀ ಕತೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಅದರ ನಂತರದ ಹೆಜ್ಜೆ. ಲಂಡನ್ನಿನಲ್ಲಿ ಜಾನ್ ಕ್ಯಾಂಟನ್ ಎಂಬ ಶಾಲಾ ಮೇಷ್ಟ್ರಿದ್ದ. ಅವನು 1759ರಲ್ಲಿ ಒಂದು ಸೂಕ್ಷ್ಮವನ್ನು ಹಿಡಿದ. ಹರಳು ಬಿಸಿಯಾಗಿದೆ ಎಂಬ ಕಾರಣಕ್ಕೆ ವಿದ್ಯುತ್ತು ಹುಟ್ಟುವುದಿಲ್ಲ. ಅದರ ಬಿಸಿ ಬದಲಾಗುತ್ತಿರುವಾಗ ಮಾತ್ರ ಹುಟ್ಟುತ್ತದೆ. ಕಾಯುವಾಗ ಯಾವ ತುದಿ ಧನವಾಗುತ್ತದೋ ಆರುವಾಗ ಅದೇ ತುದಿ ಋಣವಾಗುತ್ತದೆ. ಬಿಸಿ ಒಂದು ಮಟ್ಟದಲ್ಲಿ ನಿಂತುಬಿಟ್ಟರೆ ಹರಳೂ ಸುಮ್ಮನಾಗುತ್ತದೆ, ಎಷ್ಟೇ ಬಿಸಿಯಿರಲಿ.

ಅಡಿಕೆ ಸುಲಿಯುವವರ ತಲೆಯ ಮೇಲಿನ ದೀಪ ಆರಿಹೋಗುವುದು ಇದೇ ಕಾರಣಕ್ಕೆ. ನಡೆದುಬಂದವರನ್ನು ಅದು ಅರಿಯುತ್ತದೆ, ಕೂತವರನ್ನು ಅರಿಯುವುದಿಲ್ಲ.

ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ 1824ರಲ್ಲಿ ಇನ್ನೂ ಹಲವು ಹರಳುಗಳಲ್ಲಿ ಈ ಗುಣವಿದೆಯೆಂದು ಕಂಡು ಅದಕ್ಕೆ ಪೈರೋಎಲೆಕ್ಟ್ರಿಸಿಟಿ ಎಂದು ಹೆಸರಿಟ್ಟ. 1880ರಲ್ಲಿ ಪ್ಯಾರಿಸ್ಸಿನ ಪಿಯರ್ ಕ್ಯೂರಿ ಮತ್ತು ಅವನ ಅಣ್ಣ ಜಾಕ್ ಇದೇ ಜಾಡು ಹಿಡಿದು ಹೋಗಿ, ಬಿಸಿಗೆ ಮಾತ್ರವಲ್ಲ, ಒತ್ತಡಕ್ಕೂ ಇಂಥ ಹರಳುಗಳಲ್ಲಿ ವಿದ್ಯುತ್ತು ಹುಟ್ಟುವುದನ್ನು ಕಂಡರು. ಅಡುಗೆಮನೆಯ ಗ್ಯಾಸ್ ಲೈಟರ್ ಅದುಮಿದಾಗ ಕಿಡಿ ಹಾರುವುದು ಈ ಎರಡನೆಯ ಗುಣದಿಂದ. ಆಗ ಬಿಸಿಯ ಗುಣ ಮೂಲೆಗೆ ಸರಿಯಿತು. ಅದರಿಂದ ಏನಾದರೂ ಉಪಯೋಗವಿದೆಯೆಂದು ಬಹಳ ಕಾಲ ಯಾರೂ ಯೋಚಿಸಲಿಲ್ಲ.

ಉಪಯೋಗ ಸಿಗಬೇಕಾದರೆ ಇನ್ನೊಂದು ಸಂಗತಿ ಗೊತ್ತಾಗಬೇಕಿತ್ತು: ಮನುಷ್ಯನ ಮೈಯಿಂದ ಏನೋ ಒಂದು ಸದಾ ಹೊರಗೆ ಹೊಮ್ಮುತ್ತಿರುತ್ತದೆ ಎಂಬುದು. ಅದರ ಸುಳಿವು ಸಿಕ್ಕಿದ್ದು ಸೂರ್ಯನನ್ನು ನೋಡಲು ಹೊರಟವನಿಗೆ.

ವಿಲಿಯಂ ಹರ್ಷೆಲ್ ಮೂಲತಃ ಸಂಗೀತಗಾರ. ಜರ್ಮನಿಯ ಹ್ಯಾನೋವರಿನಿಂದ ಇಂಗ್ಲೆಂಡಿಗೆ ಬಂದು, ತಾನೇ ದರ್ಪಣ ಉಜ್ಜಿ ದೂರದರ್ಶಕ ಕಟ್ಟಿ, 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದಿದ್ದ. ಸೂರ್ಯನನ್ನು ನೋಡಲು ಬೇರೆ ಬೇರೆ ಬಣ್ಣದ ಗಾಜುಗಳನ್ನು ಅಡ್ಡ ಹಿಡಿಯುವಾಗ ಅವನಿಗೊಂದು ವಿಚಿತ್ರ ಗಮನಕ್ಕೆ ಬಂತು. ಕೆಲವು ಗಾಜುಗಳಲ್ಲಿ ಬೆಳಕು ಕಡಿಮೆ, ಆದರೂ ಬಿಸಿ ತಟ್ಟುತ್ತದೆ. ಇನ್ನು ಕೆಲವುಗಳಲ್ಲಿ ಬೆಳಕು ಹೆಚ್ಚು, ಬಿಸಿ ಇಲ್ಲವೆನ್ನುವಷ್ಟು ಕಡಿಮೆ. ಹಾಗಾದರೆ ಒಂದೊಂದು ಬಣ್ಣಕ್ಕೂ ಒಂದೊಂದು ಬಿಸಿಯೇ? 1800ರಲ್ಲಿ ಸ್ಲೌ ಊರಿನ ತನ್ನ ಮನೆಯಲ್ಲಿ ಪಟ್ಟಕದಿಂದ ಬಿಸಿಲನ್ನು ಏಳು ಬಣ್ಣವಾಗಿ ಮೇಜಿನ ಮೇಲೆ ಹರಡಿ, ಬುಡಕ್ಕೆ ಕಪ್ಪು ಬಳಿದ ಉಷ್ಣಮಾಪಕವನ್ನು ಒಂದೊಂದು ಬಣ್ಣದಲ್ಲೂ ಇಟ್ಟು ನೋಡಿದ. ನೇರಳೆಯಲ್ಲಿ 2 ಡಿಗ್ರಿ ಫ್ಯಾರನ್‌ಹೀಟ್ ಏರಿತು, ಹಸಿರಿನಲ್ಲಿ ಮೂರೂಕಾಲು, ಕೆಂಪಿನಲ್ಲಿ ಏಳಕ್ಕೆ ಸ್ವಲ್ಪವೇ ಕಡಿಮೆ. ಕೆಂಪಿನ ಕಡೆಗೆ ಹೋದಂತೆ ಬಿಸಿ ಏರುತ್ತಿದೆ. ಸರಿ, ಕೆಂಪು ಮುಗಿದಲ್ಲಿ ಬಿಸಿಯೂ ಮುಗಿಯಬೇಕಲ್ಲ?

ಮುಗಿಯಲಿಲ್ಲ. ಹರ್ಷೆಲ್ ಉಷ್ಣಮಾಪಕವನ್ನು ಕೆಂಪಿನ ಅಂಚಿನಿಂದ ಅರ್ಧ ಅಂಗುಲ ಆಚೆ ಸರಿಸಿದ, ಒಂದು ಅಂಗುಲ ಸರಿಸಿದ, ಒಂದೂವರೆ ಅಂಗುಲ ಸರಿಸಿದ. ಬೆಳಕೇ ಇಲ್ಲದ ಜಾಗದಲ್ಲೂ ಪಾದರಸ ಏರುತ್ತಲೇ ಇತ್ತು. ಉಷ್ಣಮಾಪಕ ಆಕಸ್ಮಿಕವಾಗಿ ಕೆಂಪಿನಾಚೆ ಉಳಿದಿತ್ತೆಂದು ಶಾಲಾ ಪುಸ್ತಕಗಳಲ್ಲಿ ಹೇಳುವುದುಂಟು. ಅವನ ಪ್ರಬಂಧಗಳು ಹಾಗೆ ಹೇಳುವುದಿಲ್ಲ. ಅವನು ಅನುಮಾನದಿಂದಲೇ ಅಂಗುಲ ಅಂಗುಲ ಸರಿಸುತ್ತ ಹೋದವನು. ಅರವತ್ತು ದಾಟಿದ ಮನುಷ್ಯನೊಬ್ಬ ಅಷ್ಟು ತಾಳ್ಮೆಯಿಂದ ಕಂಡದ್ದನ್ನು ಆಕಸ್ಮಿಕ ಎನ್ನುವುದು ಅನ್ಯಾಯ. ನಾವಿಂದು ಅವಗೆಂಪು ಎನ್ನುವ ಕಿರಣ ಹೀಗೆ ಸಿಕ್ಕಿತು.

ಹರ್ಷೆಲ್ ಕಂಡದ್ದು ಸೂರ್ಯನ ಕಿರಣ. ಮನುಷ್ಯನ ಮೈ ಹೊಮ್ಮಿಸುವುದು ಅದಕ್ಕಿಂತ ಬಹಳ ದುರ್ಬಲ, ಉದ್ದನೆಯ ಅಲೆ. ಕಣ್ಣಿಗೆ ಕಾಣುವ ಕೆಂಪಿನ ಅಲೆ 0.7 ಮೈಕ್ರಾನ್ ಉದ್ದವಾದರೆ ನಮ್ಮ ಚರ್ಮ ಹೊಮ್ಮಿಸುವ ಕಿರಣದ ಹೆಚ್ಚಿನ ಪಾಲು 9-10 ಮೈಕ್ರಾನ್ ಆಸುಪಾಸಿನಲ್ಲಿದೆ. ಅದಕ್ಕೆ ಪಾದರಸದ ಉಷ್ಣಮಾಪಕ ಸಾಲದು. 1831ರಲ್ಲಿ ಇಟಲಿಯ ಲಿಯೊಪೋಲ್ಡೊ ನೊಬಿಲಿ ಮತ್ತು ಮಾಸೆಡೋನಿಯೊ ಮೆಲ್ಲೋನಿ ಎರಡು ಲೋಹಗಳ ತುಂಡುಗಳನ್ನು ಸಾಲಾಗಿ ಬೆಸೆದು ಮಾಡಿದ ಥರ್ಮೊಪೈಲ್ ಎಂಬ ಉಪಕರಣ ಮೂವತ್ತು ಅಡಿ ದೂರದಲ್ಲಿ ನಿಂತ ಮನುಷ್ಯನ ಮೈಬಿಸಿಯನ್ನು ಹಿಡಿಯಿತು. ಅರ್ಧ ಶತಮಾನದ ನಂತರ ಅಮೆರಿಕದ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಕಟ್ಟಿದ ಬೋಲೋಮೀಟರ್ ಕಾಲು ಮೈಲಿ ಆಚೆ ಇದ್ದ ಹಸುವಿನ ಮೈಬಿಸಿಯನ್ನೂ ಅರಿಯುವಷ್ಟು ಸೂಕ್ಷ್ಮವಾಗಿತ್ತು.

ಮೆಲ್ಲೋನಿ ಇನ್ನೊಂದು ಸಂಗತಿಯನ್ನೂ ಗಮನಿಸಿದ, ಅದು ನಮ್ಮ ಅಂಗಳಕ್ಕೆ ನೇರವಾಗಿ ಸಂಬಂಧಪಟ್ಟದ್ದು. ಬೆಳಕನ್ನು ಬಿಡುವ ಗಾಜು ಈ ಬಿಸಿಯ ಕಿರಣಗಳನ್ನು ತಡೆಯುತ್ತದೆ. ನಾವು ಅಡುಗೆಗೆ ಬಳಸುವ ಸೈಂಧವ ಲವಣದ ಹರಳು ಅವನ್ನು ಬಿಟ್ಟುಕೊಡುತ್ತದೆ. ಅವನು ಸೈಂಧವ ಲವಣದಿಂದಲೇ ಮಸೂರ, ಪಟ್ಟಕಗಳನ್ನು ಕೆತ್ತಿಸಿಕೊಂಡು ಕೆಲಸ ಮಾಡಿದ. ಮಳೆಗೆ ನೆನೆಯದಿರಲಿ ಎಂದು ಸೆನ್ಸರನ್ನು ಕಿಟಕಿಯ ಗಾಜಿನ ಒಳಗೆ ಕೂರಿಸಿದರೆ ಅದಕ್ಕೆ ಹೊರಗಿನವರ ಸುಳಿವೇ ಸಿಗದಿರುವುದು ಗಾಜಿನ ಈ ಗುಣದಿಂದ.

ಮನುಷ್ಯ ಇಷ್ಟೆಲ್ಲ ಕಷ್ಟಪಟ್ಟು ಮಾಡಿದ ಉಪಕರಣ ಪಶ್ಚಿಮ ಘಟ್ಟದ ಗುಳಿಮಂಡಲ ಹಾವಿನ ಮುಖದಲ್ಲಿ ಹುಟ್ಟಿನಿಂದಲೇ ಇದೆ. ಅದರ ಕಣ್ಣಿಗೂ ಮೂಗಿಗೂ ನಡುವೆ ಎರಡು ಕುಳಿಗಳಿವೆ. ಆ ಕುಳಿಗಳು ಯಾಕಿವೆಯೆಂದು ಬಹುಕಾಲ ತಿಳಿದಿರಲಿಲ್ಲ. 1937ರಲ್ಲಿ ನೋಬಲ್ ಮತ್ತು ಶ್ಮಿಟ್ ಎಂಬ ಅಮೆರಿಕದ ಇಬ್ಬರು ವಿಜ್ಞಾನಿಗಳು ಇದೇ ಗುಂಪಿನ ಹಾವುಗಳ ಕಣ್ಣು ಮುಚ್ಚಿ, ಬಟ್ಟೆ ಸುತ್ತಿದ ಬಲ್ಬುಗಳನ್ನು ಮುಂದೆ ಆಡಿಸಿದರು. ಬಿಸಿಯಾಗಿದ್ದ ಬಲ್ಬಿಗೆ ಹಾವು ಸರಿಯಾಗಿ ಕಚ್ಚಿತು. ಇಲಿಯ ಮೈಬಿಸಿಯನ್ನು ಕತ್ತಲಲ್ಲಿ ಹಿಡಿಯಲು ಇರುವ ಅಂಗ ಅದು. ಹಾವು ನಮ್ಮನ್ನು ಹೀಗೆ ಅರಿಯಬಲ್ಲದು, ಆದರೆ ನಮ್ಮ ಸೆನ್ಸರ್ ಹಾವನ್ನು ಅರಿಯದು. ಹಾವಿನ ಮೈ ಸುತ್ತಲಿನ ನೆಲದಷ್ಟೇ ತಂಪು ಅಥವಾ ಬಿಸಿ. ಅದು ಹರಿದುಹೋದರೂ ಹರಳಿಗೆ ಬದಲಾವಣೆ ಕಾಣುವುದಿಲ್ಲ. ಹಾವಿನ ಹೆದರಿಕೆಗೆ ಸೆನ್ಸರ್ ದೀಪ ಹಾಕಿಸಿಕೊಂಡ ಮನೆಯವರು ಇದನ್ನು ನೆನಪಿಡಬೇಕು. ಅಂಗಳಕ್ಕೆ ಇಳಿಯುವ ಮೊದಲೇ ಕೈಯಿಂದ ಹಾಕುವ ದೀಪ ಅವರಿಗೆ ಬೇಕೇ ಬೇಕು.

ಮತ್ತೆ ಕತೆಗೆ ಬರೋಣ. ಚಲನೆಯನ್ನು ಅರಿಯುವ ಯಂತ್ರ ಮೊದಲು ಬಂದದ್ದು ಬಿಸಿಯ ದಾರಿಯಿಂದಲ್ಲ, ಸದ್ದಿನ ದಾರಿಯಿಂದ. 1950ರ ದಶಕದ ಆರಂಭದಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಬ್ಯಾಗ್ನೋ ಕಿವಿಗೆ ಕೇಳದಷ್ಟು ಮೇಲಿನ ಶ್ರುತಿಯ ಅಲೆಗಳನ್ನು ಕೋಣೆಯೊಳಗೆ ಬಿಟ್ಟು, ನಡೆದಾಡುವವರಿಗೆ ಬಡಿದು ಮರಳುವಾಗ ಆ ಶ್ರುತಿಯಲ್ಲಾಗುವ ವ್ಯತ್ಯಾಸದಿಂದ ಕಳ್ಳನನ್ನು ಪತ್ತೆಹಚ್ಚುವ ಅಲಾರಂ ರೂಪಿಸಿದ. ಬೀಗ ಹಾಕಿದ ಕೋಣೆಗೆ ಅದು ಚೆನ್ನಾಗಿ ಒದಗಿತು. ಅಂಗಳಕ್ಕೆ ಒದಗಲಿಲ್ಲ: ಗಾಳಿ ಬೀಸಿದರೂ ಎಲೆ ಅಲುಗಿದರೂ ಅದಕ್ಕೆ ಕಳ್ಳನೇ.

ಬೂದಿ ಎಳೆಯುವ ಕಲ್ಲಿಗೆ ಮರುಹುಟ್ಟು ಸಿಕ್ಕಿದ್ದು 1938ರಲ್ಲಿ. ಪ್ಯಾರಿಸ್ಸಿನಲ್ಲಿದ್ದ ಯೂ ತಾ ಎಂಬ ಚೀನೀ ವಿಜ್ಞಾನಿ, ಟೂರ್ಮಲಿನ್ ಹರಳಿನ ಮೇಲೆ ಅವಗೆಂಪು ಕಿರಣ ಬಿದ್ದರೆ ಅದರ ಬಿಸಿ ಬದಲಾಗಿ ವಿದ್ಯುತ್ತು ಹುಟ್ಟಬೇಕಲ್ಲ, ಅದರಿಂದಲೇ ಕಿರಣವನ್ನು ಪತ್ತೆಹಚ್ಚಬಹುದಲ್ಲ ಎಂದು ಬರೆದ. ಕ್ಯಾಂಟನ್ ಮೇಷ್ಟ್ರ ಹರಳು, ಹರ್ಷೆಲ್‌ನ ಕಿರಣ, ಎರಡೂ ಒಂದೇ ಕಾಗದದ ಮೇಲೆ ಸೇರಿದ್ದು ಅಲ್ಲಿ. ಮುಂದಿನ ವರ್ಷವೇ ಯುದ್ಧ ಬಂತು. 1960ರ ದಶಕದಲ್ಲಿ ಇದರ ಲೆಕ್ಕಾಚಾರ ವಿವರವಾಗಿ ನಡೆದು, ಟೂರ್ಮಲಿನ್‌ಗಿಂತ ಎಷ್ಟೋ ಚುರುಕಾದ ಹರಳುಗಳನ್ನೂ ಸೆರಾಮಿಕ್‌ಗಳನ್ನೂ ಪ್ರಯೋಗಾಲಯದಲ್ಲೇ ಬೆಳೆಸತೊಡಗಿದರು. 1970ರ ದಶಕದಲ್ಲಿ ಅವು ಕಳ್ಳರ ಸುಳಿವು ಕೊಡುವ ಅಲಾರಂಗಳಲ್ಲಿ ಕೂತವು. ಇವಕ್ಕೆ ಪಿಐಆರ್, ಅಂದರೆ ಪ್ಯಾಸಿವ್ ಇನ್ಫ್ರಾರೆಡ್ ಸೆನ್ಸರ್ ಎಂಬ ಹೆಸರು. ತಾವಾಗಿ ಏನನ್ನೂ ಹೊರಗೆ ಬಿಡುವುದಿಲ್ಲ, ಬರುವುದನ್ನು ಮಾತ್ರ ಅರಿಯುತ್ತವೆ.

ಸೆನ್ಸರ್ ಕೆಟ್ಟುಹೋದಾಗ ಬಿಚ್ಚಿ ನೋಡುವ ಅಭ್ಯಾಸ ನನ್ನದು. ಹಾಲು ಬಣ್ಣದ ಗುಮ್ಮಟದಂಥ ಪ್ಲಾಸ್ಟಿಕ್ಕನ್ನು ತೆಗೆದರೆ ಒಳಗೆ ಶರ್ಟಿನ ಗುಂಡಿಯಷ್ಟು ಅಗಲದ ಒಂದು ಲೋಹದ ಡಬ್ಬಿ, ಅದರ ನೆತ್ತಿಯಲ್ಲಿ ಕಪ್ಪಗೆ ಹೊಳೆಯುವ ಚೌಕ ಕಿಟಕಿ. ಆ ಕಿಟಕಿ ಗಾಜಿನದಲ್ಲ, ಸಿಲಿಕಾನಿನದು; 5ರಿಂದ 14 ಮೈಕ್ರಾನ್ ಅಲೆಗಳನ್ನು ಮಾತ್ರ ಒಳಗೆ ಬಿಡುತ್ತದೆ. ಅದರ ಹಿಂದೆ ಹರಳಿನ ಎರಡು ಪುಟ್ಟ ಪಟ್ಟಿಗಳು ಅಕ್ಕಪಕ್ಕ. ಜಾಣತನ ಇರುವುದು ಇಲ್ಲಿಯೇ. ಎರಡನ್ನೂ ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿದ್ದಾರೆ. ಬಿಸಿಲು ಏರಿದರೆ, ಗೋಡೆ ಕಾದರೆ ಎರಡೂ ಪಟ್ಟಿಗಳು ಒಟ್ಟಿಗೆ ಕಾಯುತ್ತವೆ. ಒಂದರ ಧನವನ್ನು ಇನ್ನೊಂದರ ಋಣ ಅಳಿಸಿಹಾಕುತ್ತದೆ, ಸೆನ್ಸರ್ ಸುಮ್ಮನಿರುತ್ತದೆ. ಮನುಷ್ಯ ಅಡ್ಡ ದಾಟಿದಾಗ ಮಾತ್ರ ಮೊದಲು ಒಂದು ಪಟ್ಟಿ, ಆಮೇಲೆ ಇನ್ನೊಂದು ಕಾಯುತ್ತದೆ. ಆ ಹಿಂದುಮುಂದಿನ ವ್ಯತ್ಯಾಸವೇ ಅದಕ್ಕೆ ಸಿಗುವ ಸುದ್ದಿ.

ಮೇಲಿನ ಗುಮ್ಮಟಕ್ಕೂ ಒಂದು ವಂಶವಿದೆ. 1823ರಲ್ಲಿ ಫ್ರಾನ್ಸಿನ ಕೊರ್ದುವಾಂ ದೀಪಸ್ತಂಭದಲ್ಲಿ ಒಗುಸ್ಟಾಂ ಫ್ರೆನೆಲ್ ಒಂದು ಹೊಸ ಬಗೆಯ ಮಸೂರ ಕೂರಿಸಿದ. ದಪ್ಪ ಗಾಜಿನ ಮಸೂರದ ಬದಲು ಅದರ ಮೇಲ್ಮೈಯನ್ನಷ್ಟೇ ಉಂಗುರ ಉಂಗುರವಾಗಿ ಕತ್ತರಿಸಿ ಜೋಡಿಸಿದರೆ ಹಗುರಾಗುತ್ತದೆ, ಬೆಳಕೂ ಹೆಚ್ಚು ದೂರ ಹೋಗುತ್ತದೆ ಎಂದು ತೋರಿಸಿ, ಮೂವತ್ತೊಂಬತ್ತನೇ ವಯಸ್ಸಿಗೆ ಕ್ಷಯದಿಂದ ತೀರಿಹೋದ. ಹಡಗುಗಳಿಗೆ ಬೆಳಕು ಕಳಿಸಿದ ಅದೇ ಮಸೂರ ಈಗ ತೆಳ್ಳನೆಯ ಪಾಲಿಥೀನಿನಲ್ಲಿ ಅಚ್ಚಾಗಿ ಅಂಗಳದ ಬಿಸಿಯನ್ನು ಹರಳಿಗೆ ತರುತ್ತದೆ. ಗಾಜು ತಡೆಯುವ ಬಿಸಿಕಿರಣವನ್ನು ಪಾಲಿಥೀನ್ ಬಿಟ್ಟುಕೊಡುತ್ತದೆ. ಮೆಲ್ಲೋನಿಯ ಸೈಂಧವ ಲವಣದ ಜಾಗಕ್ಕೆ ಬಂದದ್ದು ಇದು. ಗುಮ್ಮಟವನ್ನು ಬೆಳಕಿಗೆ ಹಿಡಿದರೆ ಅದರಲ್ಲಿ ಹತ್ತಾರು ಪುಟ್ಟ ಮಸೂರಗಳ ಗೆರೆಗಳು ಕಾಣುತ್ತವೆ. ಒಂದೊಂದೂ ಅಂಗಳದ ಒಂದೊಂದು ಪಟ್ಟೆಯನ್ನು ಕಾಯುತ್ತದೆ, ಬಿಡಿಸಿದ ಕೈಬೆರಳುಗಳ ಹಾಗೆ. ಬೆರಳಿನಿಂದ ಬೆರಳಿಗೆ ದಾಟುವವರು ಬೇಗ ಸಿಗುತ್ತಾರೆ. ಒಂದೇ ಬೆರಳಿನ ಉದ್ದಕ್ಕೂ ನೇರವಾಗಿ ನಡೆದು ಬರುವವರು ತಡವಾಗಿ ಸಿಗುತ್ತಾರೆ. ಹಾಗಾಗಿ ಸೆನ್ಸರನ್ನು ಗೇಟಿಗೆ ಎದುರಾಗಿ ಇಡುವುದಕ್ಕಿಂತ, ಗೇಟಿನಿಂದ ಬರುವ ದಾರಿಯನ್ನು ಅಡ್ಡಕ್ಕೆ ನೋಡುವಂತೆ ಎರಡು ಎರಡೂವರೆ ಮೀಟರ್ ಎತ್ತರದಲ್ಲಿ ಪಕ್ಕದ ಗೋಡೆಗೆ ಇಡುವುದು ಒಳ್ಳೆಯದು.

ರಾಯಚೂರು, ಕಲಬುರಗಿಯವರಿಗೆ ಇನ್ನೊಂದು ಮಾತು. ಏಪ್ರಿಲ್ ಮೇ ತಿಂಗಳ ಸಂಜೆ ಅಲ್ಲಿ ಗೋಡೆಯೂ ನೆಲವೂ ಮನುಷ್ಯನ ಚರ್ಮದಷ್ಟೇ ಬಿಸಿಯಾಗಿರುತ್ತವೆ. ಆಗ ಮನುಷ್ಯ ಮುಂದೆ ಹಾದರೂ ಹರಳಿಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಡಿಸೆಂಬರಿನಲ್ಲಿ ಗೇಟಿನ ಹತ್ತಿರವೇ ಹೊತ್ತುತ್ತಿದ್ದ ದೀಪ ಬೇಸಿಗೆಯಲ್ಲಿ ಮೆಟ್ಟಿಲ ಬಳಿ ಬರುವವರೆಗೂ ಹೊತ್ತದಿರುವುದು ಅದಕ್ಕೇ.

ಸೆನ್ಸರ್ ದೀಪ ಹಗಲಲ್ಲಿ ಹೊತ್ತದಿರಲು ಅದರೊಳಗೆ ಬೆಳಕನ್ನು ಅರಿಯುವ ಬೇರೊಂದು ಭಾಗವಿದೆ. ಅದರ ಮೂಲ ಸಮುದ್ರದ ತಳದ ತಂತಿಗಳಲ್ಲಿದೆ. 1873ರಲ್ಲಿ ಇಂಗ್ಲೆಂಡಿನ ವಿಲೊಬಿ ಸ್ಮಿತ್ ಸಮುದ್ರದಡಿಯ ಟೆಲಿಗ್ರಾಫ್ ಕೇಬಲ್ ಪರೀಕ್ಷಿಸಲು ಸೆಲೆನಿಯಂ ಕಡ್ಡಿಗಳನ್ನು ಬಳಸುತ್ತಿದ್ದ. ಅವುಗಳ ವಿದ್ಯುತ್ ತಡೆ ಒಂದೊಂದು ಸಲ ಒಂದೊಂದು ಥರ ಇರುತ್ತಿತ್ತು. ಹುಡುಕಿದಾಗ ಕಂಡದ್ದು, ಪೆಟ್ಟಿಗೆ ಮುಚ್ಚಿದ್ದರೆ ತಡೆ ಹೆಚ್ಚು, ತೆರೆದು ಬೆಳಕು ಬಿದ್ದರೆ ಕಡಿಮೆ. ಬೀದಿದೀಪಗಳು ಸಂಜೆ ತಾವಾಗಿ ಹೊತ್ತುವ ಏರ್ಪಾಡಿನ ಬೇರು ಇದು. ನಮ್ಮ ಸೆನ್ಸರಿನಲ್ಲಿ ಇದೇ ಕೆಲವೊಮ್ಮೆ ತಂಟೆ ಮಾಡುತ್ತದೆ. ದೀಪದ ಬೆಳಕು ನೇರ ಸೆನ್ಸರಿನ ಮೇಲೆಯೇ ಬಿದ್ದರೆ ಹಗಲಾಯಿತೆಂದು ಆರಿಸುತ್ತದೆ, ಆರಿದೊಡನೆ ಕತ್ತಲಾಯಿತೆಂದು ಹೊತ್ತಿಸುತ್ತದೆ, ರಾತ್ರಿಯಿಡೀ ಇದೇ. ದೀಪವನ್ನೂ ಸೆನ್ಸರನ್ನೂ ಒಂದಕ್ಕೊಂದು ಬೆನ್ನು ಮಾಡಿ ಇಟ್ಟರೆ ಸಾಕು.

ಇನ್ನು ವೈರಿನ ವಿಷಯ. ಇಲ್ಲಿಯವರೆಗಿನದು ಯುರೋಪು, ಅಮೆರಿಕದ ಕತೆ. ಇನ್ನು ಮುಂದಿನದು ನಮ್ಮ ಗೋಡೆಯೊಳಗಿನ ಕತೆ.

ನಮ್ಮ ಮನೆಗಳಲ್ಲಿ ಫೇಸ್ ಮೊದಲು ಸ್ವಿಚ್ ಬೋರ್ಡಿಗೆ ಬರುತ್ತದೆ, ಸ್ವಿಚ್ಚಿನಿಂದ ಒಂದೇ ಒಂದು ವೈರ್ ದೀಪಕ್ಕೆ ಹೋಗುತ್ತದೆ. ನ್ಯೂಟ್ರಲ್ ಬೇರೆ ದಾರಿಯಲ್ಲಿ ದೀಪಕ್ಕೆ ಬಂದಿರುತ್ತದೆ. ಹೊರಗಿನ ದೀಪದ ಪಾಯಿಂಟ್ ಬಿಚ್ಚಿದರೆ ಸಿಗುವುದು ಈ ಎರಡು, ಪುಣ್ಯವಿದ್ದರೆ ಹಸಿರು ಅರ್ತ್ ಕೂಡ. ಸೆನ್ಸರಿನಿಂದ ಹೊರಬರುವ ವೈರುಗಳು ಸಾಮಾನ್ಯವಾಗಿ ಮೂರು: ಕಂದು, ನೀಲಿ, ಕೆಂಪು. ಕಂದು ಫೇಸಿಗೆ, ನೀಲಿ ನ್ಯೂಟ್ರಲ್‌ಗೆ, ಕೆಂಪು ದೀಪಕ್ಕೆ. ನಮ್ಮ ಮನೆಯ ವೈರಿಂಗಿನಲ್ಲಿ ಕೆಂಪೆಂದರೆ ಫೇಸ್, ಕಪ್ಪೆಂದರೆ ನ್ಯೂಟ್ರಲ್. ಹಾಗಾಗಿ ಕೆಂಪಿಗೆ ಕೆಂಪು ಸೇರಿಸುವ ತಪ್ಪು ಬಹಳ ಕಡೆ ಆಗುತ್ತದೆ. ಸೆನ್ಸರಿನ ಮೈಮೇಲೆ ಅಂಟಿಸಿದ ಚಿತ್ರವನ್ನು ನೋಡದೆ ಬಣ್ಣ ನಂಬಿ ಕೈ ಹಾಕಬಾರದು.

ಹೀಗೆ ಜೋಡಿಸಿದರೆ ಒಳಗಿನ ಸ್ವಿಚ್ ಸೆನ್ಸರಿನ ಯಜಮಾನನಾಗಿ ಉಳಿಯುತ್ತದೆ. ಸ್ವಿಚ್ ಆರಿಸಿದರೆ ಏನೂ ಇಲ್ಲ. ಹಾಕಿದರೆ ಸೆನ್ಸರಿನ ಇಷ್ಟ. ನಾನು ಹೇಳುವವರೆಗೂ ಉರಿಯುತ್ತಿರು ಎಂದು ದೀಪಕ್ಕೆ ಹೇಳುವ ದಾರಿ ಇಲ್ಲವೇ ಇಲ್ಲ. ಹಸು ಕರು ಹಾಕುವ ರಾತ್ರಿ, ಮನೆಯಲ್ಲಿ ಸಾವಾಗಿ ಜನ ಅಂಗಳದಲ್ಲಿ ಕೂತ ರಾತ್ರಿ, ತುಳಸಿ ಪೂಜೆಯ ಸಂಜೆ ಈ ಮೂರನೆಯ ದಾರಿ ಬೇಕಾಗುತ್ತದೆ.

ಕೆಲವು ತಯಾರಕರು ಇದಕ್ಕೊಂದು ಉಪಾಯ ಕಂಡುಕೊಂಡರು. ಹೊಸ ವೈರ್ ಎಳೆಯುವ ಬದಲು ಇರುವ ವೈರಿನಲ್ಲೇ ಸಂದೇಶ ಕಳಿಸುವುದು. ಸ್ವಿಚ್ಚನ್ನು ಆರಿಸಿ ಒಂದೆರಡು ಸೆಕೆಂಡಿನೊಳಗೆ ಮತ್ತೆ ಹಾಕಿದರೆ ಸೆನ್ಸರ್ ಅದನ್ನು ಅಪ್ಪಣೆಯೆಂದು ತಿಳಿದು ದೀಪವನ್ನು ಉರಿಸಿಯೇ ಇಡುತ್ತದೆ. ಕರೆಂಟು ಸರಾಗವಾಗಿ ಬರುವ ಊರಿಗೆ ಇದು ಚಂದದ ಉಪಾಯ. ಮಳೆಗಾಲದಲ್ಲಿ ಗಾಳಿಗೆ ಕರೆಂಟು ಹೋಗಿ ಬಂದು ಮಾಡುವ ನಮ್ಮ ಊರುಗಳಲ್ಲಿ ಪ್ರತಿಯೊಂದು ಮಿನುಗೂ ಅದಕ್ಕೆ ಅಪ್ಪಣೆಯೇ. ಯಾರೂ ಹೇಳದೆ ದೀಪ ರಾತ್ರಿಯಿಡೀ ಉರಿಯುತ್ತದೆ. ನಮಗೆ ಇದು ಹೇಳಿಸಿದ್ದಲ್ಲ ಎಂಬುದು ನನ್ನ ಅಭಿಪ್ರಾಯ.

ಉಳಿದದ್ದು ನೇರ ದಾರಿ: ಇನ್ನೊಂದು ವೈರ್. ತೀರ್ಥಹಳ್ಳಿ ಕಡೆಯ ನಮ್ಮ ನೆಂಟರ ಮನೆಯಲ್ಲಿ ವಯಸ್ಸಾದ ವೈರ್‌ಮನ್ ಒಬ್ಬರು ಇದನ್ನು ಮಾಡಿದ್ದನ್ನು ಹತ್ತಿರದಿಂದ ನೋಡಿದೆ. ಮನೆಯ ಅಮ್ಮ, "ಕೂತರೆ ಆರ್‍ತದೆ ಮಾರಾಯ್ರೇ, ಎಷ್ಟು ಸಲ ಏಳುದು?" ಎಂದು ಕೇಳಿದಾಗ ಅವರು ಸ್ವಲ್ಪ ಹೊತ್ತು ಬೋರ್ಡ್ ನೋಡಿ, "ಅಮ್ಮಾ, ಮೆಟ್ಟಿಲಿಗೆ ಹಾಕ್ತೀವಲ್ಲ, ಅದೇ ಸ್ವಿಚ್ಚು ಸಾಕು" ಎಂದರು. ಮಹಡಿ ಮೆಟ್ಟಿಲಿಗೆ ಹಾಕುವ ಟೂ-ವೇ ಸ್ವಿಚ್ಚಿನಲ್ಲಿ ಮೂರು ತಿರುಪುಗಳಿರುತ್ತವೆ. ನಡುವಿನದಕ್ಕೆ ಫೇಸ್ ಕೊಟ್ಟರು. ಒಂದು ಬದಿಯಿಂದ ಹೊರಟ ವೈರ್ ಸೆನ್ಸರಿನ ಕಂದು ವೈರಿಗೆ ಹೋಯಿತು. ಇನ್ನೊಂದು ಬದಿಯಿಂದ ಹೊಸದಾಗಿ ಪೈಪಿನಲ್ಲಿ ಎಳೆದ ವೈರ್ ಸೆನ್ಸರನ್ನು ಬಿಟ್ಟು ನೇರ ದೀಪಕ್ಕೆ ಹೋಗಿ, ಸೆನ್ಸರಿನ ಕೆಂಪು ವೈರ್ ಸೇರುವ ಜಾಗದಲ್ಲೇ ಸೇರಿತು. ಸ್ವಿಚ್ ಕೆಳಗಿದ್ದರೆ ಸೆನ್ಸರಿನ ಮಾತು, ಮೇಲಿದ್ದರೆ ಮನೆಯವರ ಮಾತು. ಎರಡೂ ಬೇಡವಾದಾಗ ಪೂರ್ತಿ ಆರಿಸಲು ಅದಕ್ಕೆ ಮುಂಚೆ ಒಂದು ಸಾದಾ ಸ್ವಿಚ್. ಅಮ್ಮನಿಗೆ ಗುರುತಿಗಿರಲಿ ಎಂದು ಬೋರ್ಡಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಒಂದು ಬದಿಗೆ 'ತಾನೇ', ಇನ್ನೊಂದು ಬದಿಗೆ 'ನಾವೇ' ಎಂದು ಬರೆದುಕೊಟ್ಟರು.

ಟೂ-ವೇ ಬದಲು ಎರಡು ಸಾದಾ ಸ್ವಿಚ್ ಹಾಕಿಯೂ ಇದೇ ಕೆಲಸ ಮಾಡಬಹುದು, ಬಹಳ ಜನ ಹಾಗೆಯೇ ಮಾಡುತ್ತಾರೆ: ಒಂದು ಸೆನ್ಸರಿಗೆ, ಇನ್ನೊಂದು ನೇರ ದೀಪಕ್ಕೆ. ಆದರೆ ಅಲ್ಲಿ ಒಂದು ಅಪಾಯವಿದೆ, ಅದನ್ನು ಒತ್ತಿ ಹೇಳಬೇಕು. ಎರಡೂ ಸ್ವಿಚ್ಚಿಗೆ ಒಂದೇ ಲೈನಿನಿಂದ, ಒಂದೇ ಎಂಸಿಬಿಯಿಂದ ಕರೆಂಟು ಬರಬೇಕು. ತ್ರೀ ಫೇಸ್ ಇರುವ ಮನೆಯಲ್ಲಿ ಒಂದು ಸ್ವಿಚ್ ಒಂದು ಫೇಸಿನಿಂದ, ಇನ್ನೊಂದು ಬೇರೆ ಫೇಸಿನಿಂದ ಬಂದಿದ್ದರೆ, ಎರಡೂ ಹಾಕಿದ್ದಾಗ ಸೆನ್ಸರ್ ಒಳಗಿನ ರಿಲೇ, ಅಂದರೆ ದೀಪಕ್ಕೆ ಕರೆಂಟು ಕೊಡುವ ಒಳಸ್ವಿಚ್ಚು, ಕೂಡಿದ ಕ್ಷಣ ಎರಡು ಫೇಸುಗಳು ನೇರ ಢಿಕ್ಕಿ ಹೊಡೆಯುತ್ತವೆ. ಅವುಗಳ ನಡುವೆ ಇರುವುದು 400 ವೋಲ್ಟಿನಷ್ಟು. ಇನ್ವರ್ಟರ್ ಇರುವ ಮನೆಯಲ್ಲಂತೂ ಇನ್ನೂ ಎಚ್ಚರ ಬೇಕು. ಒಂದು ಸ್ವಿಚ್ ಇನ್ವರ್ಟರ್ ಲೈನಿನಲ್ಲಿ, ಇನ್ನೊಂದು ಮಾಮೂಲಿ ಲೈನಿನಲ್ಲಿ ಇದ್ದರೆ, ಕರೆಂಟು ಹೋದಾಗ ಇನ್ವರ್ಟರಿನ ವಿದ್ಯುತ್ತು ದೀಪದ ಬಳಿಯ ಆ ಗಂಟಿನ ಮೂಲಕ ಸತ್ತ ಲೈನಿಗೆ ಹಿಂದಕ್ಕೆ ಹರಿಯುತ್ತದೆ. ಲೈನು ಸತ್ತಿದೆಯೆಂದು ನಂಬಿ ಕೈ ಹಾಕಿದವರ ಜೀವಕ್ಕೆ ಅದು ಕುತ್ತು. ಟೂ-ವೇ ಸ್ವಿಚ್ಚಿನಲ್ಲಿ ಎರಡು ದಾರಿಗಳಿಗೂ ಬೇರು ಒಂದೇ, ಮತ್ತು ಒಂದು ಸಲಕ್ಕೆ ಒಂದೇ ದಾರಿ ತೆರೆದಿರುತ್ತದೆ. ಆ ವೈರ್‌ಮನ್ ಅದನ್ನೇ ಆರಿಸಿದ್ದು ಸರಿ ಎನ್ನಲು ನನಗೆ ಇದೇ ದೊಡ್ಡ ಕಾರಣ.

ಸೆನ್ಸರ್ ಕೊಳ್ಳುವಾಗಲೂ ಒಂದು ಗಮನ ಇರಲಿ. ಹೊತ್ತುವಾಗ ಒಳಗಿನಿಂದ ಟಕ್ ಎಂದು ಸದ್ದು ಬಂದರೆ ಅದು ರಿಲೇ ಇರುವಂಥದ್ದು. ಇಂಥ ಜೋಡಣೆಗೆ ಅದೇ ಯೋಗ್ಯ. ನ್ಯೂಟ್ರಲ್ ಬೇಡದ, ಎರಡೇ ವೈರಿನ ಸೆನ್ಸರುಗಳು ಆರಿದಾಗಲೂ ತುಸು ಕರೆಂಟು ಸೋರಗೊಡುತ್ತವೆ, ಎಲ್‌ಇಡಿ ದೀಪ ಮಂಕಾಗಿ ಉರಿಯುತ್ತಲೇ ಇರುತ್ತದೆ. ಸ್ವಿಚ್ 'ನಾವೇ' ಕಡೆಗಿದ್ದಾಗ ಸೆನ್ಸರಿನ ಕೆಂಪು ವೈರಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಆದ್ದರಿಂದ ಸೆನ್ಸರ್ ಬಿಚ್ಚುವ ಮುನ್ನ ಸ್ವಿಚ್ ಆರಿಸಿದರೆ ಸಾಲದು, ಎಂಸಿಬಿಯನ್ನೇ ಇಳಿಸಬೇಕು. ಹೊರಗಿನ ದೀಪ ಮಳೆಗೆ ಒಡ್ಡಿಕೊಂಡಿರುವುದರಿಂದ ಆ ಲೈನಿಗೆ ಅರ್ತ್ ಮತ್ತು ಸೋರಿಕೆ ಕಂಡೊಡನೆ ಕರೆಂಟು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಕೆಲಸವನ್ನು ಪರವಾನಗಿ ಇರುವ ವೈರ್‌ಮನ್ ಕೈಯಲ್ಲೇ ಮಾಡಿಸಿ.

ಮನೆ ಕಟ್ಟಿಸುತ್ತಿರುವವರಲ್ಲಿ ಒಂದು ಕೋರಿಕೆ. ಗೋಡೆಯಲ್ಲಿ ಪೈಪು ಹೂಳುವ ದಿನ ಅಲ್ಲೇ ಇದ್ದು, ಹೊರಗಿನ ಪ್ರತಿ ದೀಪಕ್ಕೂ ಸ್ವಿಚ್ ಬೋರ್ಡಿನಿಂದ ಒಂದು ವೈರ್ ಹೆಚ್ಚಿಗೆ ಎಳೆಸಿಡಿ. ಆ ದಿನ ಅದಕ್ಕೆ ತಗಲುವುದು ಕೆಲವು ಮೀಟರ್ ವೈರಿನ ಬೆಲೆ ಮಾತ್ರ. ಗಿಲಾವು, ಬಣ್ಣ ಎಲ್ಲ ಮುಗಿದ ಮೇಲೆ ಅದೇ ವೈರಿಗಾಗಿ ಗೋಡೆ ಒಡೆಯಬೇಕಾಗುತ್ತದೆ.